ಎಲ್ಲ ಕಾಮಾಲೆಯೂ ಕುಡಿತದ್ದಲ್ಲ



ನಮ್ಮ ಲೈನುಗಳಲ್ಲಿ ಒಬ್ಬನ ಕಣ್ಣು ಹಳದಿಯಾಗಲಿ, ಹೊಟ್ಟೆ ಊದಿಕೊಳ್ಳಲಿ, ಡಾಕ್ಟರು ಬರುವ ಮೊದಲೇ ತೀರ್ಪು ಬಂದಿರುತ್ತದೆ. "ಕುಡಿದು ಕುಡಿದು ಲಿವರ್ ಹಾಳು ಮಾಡಿಕೊಂಡಿದ್ದಾನೆ, ಬಿಡಿ." ಇದನ್ನು ಮೇಸ್ತ್ರಿ ಹೇಳುತ್ತಾನೆ, ತೋಟದ ರೈಟರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ. ದುಃಖದಿಂದ ಬರೆಯುತ್ತೇನೆ, ನಮ್ಮ ಸಭೆಗಳ ಹಿರಿಯರೂ ಹೇಳುತ್ತಾರೆ. ಈ ಮಾತಿನ ವಿರುದ್ಧವಾಗಿಯೇ ಇಂದು ಬರೆಯಲು ಕುಳಿತಿದ್ದೇನೆ.

ಇದು ಬರೀ ಚಾಡಿಮಾತಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ಒಂದು ಮಾತಿನಿಂದ ಮೂರು ಅನ್ಯಾಯಗಳು ನಡೆಯುತ್ತವೆ. ರೋಗಿ ನಾಚಿಕೆಯಿಂದ ರೋಗವನ್ನು ಮುಚ್ಚಿಡುತ್ತಾನೆ. ಮನೆಯವರು ಆಸ್ಪತ್ರೆಗೆ ಒಯ್ಯಲು ತಡಮಾಡುತ್ತಾರೆ. ನೀರು, ಕಕ್ಕಸು, ಔಷಧಿ ಕೊಡಬೇಕಾದವರು ತಮ್ಮ ಹೊಣೆಯಿಂದ ಸುಲಭವಾಗಿ ಪಾರಾಗುತ್ತಾರೆ. ತಪ್ಪು ರೋಗಿಯದೇ ಎಂದ ಮೇಲೆ ಧಣಿಯನ್ನು ಕೇಳುವವರು ಯಾರು?

ನನ್ನ ಭಾವನ ಸಂಗತಿ

ನನ್ನ ಅಕ್ಕನನ್ನು ಜತ್ತ ತಾಲ್ಲೂಕಿಗೆ ಕೊಟ್ಟಿದೆ. ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ್ದರೂ ಅನೇಕ ಹಳ್ಳಿಗಳ ಮನೆಮಾತು ಕನ್ನಡ. ಮಳೆ ಕಡಿಮೆಯಾದ ಸೀಮೆ. ದಸರಾ ಕಳೆದ ಮೇಲೆ ಅಲ್ಲಿನ ಬಡವರು ಮುಕಾದಮನಿಂದ ಮುಂಗಡ ಪಡೆದು ಸಕ್ಕರೆ ಕಾರ್ಖಾನೆಗಳ ಕಡೆಗೆ ಕಬ್ಬು ಕಡಿಯಲು ಹೊರಡುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಎಂದು ಲೆಕ್ಕ. ಎರಡು ಜೀವ, ಒಂದು ಕತ್ತಿಯ ಹೆಸರು! ಕಾಲುವೆಯ ಪಕ್ಕದಲ್ಲಿ ಗುಡಿಸಲು, ಆ ಕಾಲುವೆಯದೇ ನೀರು, ಬೆಳಗಿನ ಕೆಲಸಕ್ಕೆ ಬಯಲು. ತೋಟದ ಲೈನಿನಲ್ಲಿ ಹುಟ್ಟಿ ಬೆಳೆದ ನನಗೂ ಅದನ್ನು ನೋಡಿ ನಮ್ಮ ಲೈನೇ ವಾಸಿ ಎನ್ನಿಸಿತು.

ನನ್ನ ಭಾವನ ಬಾಯಿಗೆ ಹೆಂಡ ಸೋಕಿದ್ದನ್ನು ಕಂಡವರಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹಂಗಾಮಿನಲ್ಲಿ ಅವರಿಗೆ ಊಟ ಸೇರದಾಯಿತು. ಕಾಲು ಬಾತವು. ಹೊಟ್ಟೆ ಊದಿತು. ರಜೆ ಕೇಳಲು ಹೋದಾಗ ಮುಕಾದಮ ಅಕ್ಕನ ಎದುರಿಗೇ, "ಕುಡ್ದು ಕುಡ್ದು ಲಿವರ್ ಕೆಡಿಸ್ಕೊಂಡಾನ, ಅದಕ್ಕ ನಾ ಏನ್ ಮಾಡ್ಲಿ? ಮುಂಗಡ ತೀರಿಸಿ ಹೋಗ್ರಿ," ಎಂದನು. ಭಾವ ಒಂದು ಮಾತೂ ಆಡಲಿಲ್ಲವಂತೆ. ಮಾನವಂತರು ಅಂಥ ಮಾತಿಗೆ ಉತ್ತರ ಕೊಡುವುದಿಲ್ಲ, ಒಳಗೇ ಕುಗ್ಗುತ್ತಾರೆ.

ಮೂರು ವಾರ ಸೊಪ್ಪಿನ ಮದ್ದು ನಡೆಯಿತು. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಗಂಜಿ ಮಾತ್ರ. ಒಂದು ರಾತ್ರಿ ರಕ್ತ ವಾಂತಿಯಾಯಿತು. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಮಿರಜಿನ ಒಂದು ಆಸ್ಪತ್ರೆಗೆ ತಂದರು. ಸುದ್ದಿ ತಿಳಿದು ನಾನು ರೈಲು ಹತ್ತಿ ಹೋದೆ. ಡಾಕ್ಟರು ಮೊದಲು ಮರಾಠಿಯಲ್ಲಿ ಕೇಳಿದರು, ನಮ್ಮ ಮುಖ ನೋಡಿ ಕನ್ನಡದಲ್ಲಿ ಮಾತಾಡಿದರು. ಗಂಟಲೊಳಗೆ ಕೊಳವೆ ಇಳಿಸಿ, ಉಬ್ಬಿ ಒಡೆದಿದ್ದ ರಕ್ತನಾಳಕ್ಕೆ ಬ್ಯಾಂಡು ಕಟ್ಟಿ ರಕ್ತ ನಿಲ್ಲಿಸಿದರು. ಹೊಟ್ಟೆಯ ನೀರು ತೆಗೆದರು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂಬ ರೋಗಾಣು ಸಿಕ್ಕಿತು. "ಇದು ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದದ್ದು. ಎಷ್ಟೋ ವರ್ಷ ಸದ್ದಿಲ್ಲದೆ ಲಿವರನ್ನು ತಿಂದಿದೆ. ಬೇಗ ಗೊತ್ತಾಗಿದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ತಡೆಯಬಹುದಿತ್ತು," ಎಂದು ಡಾಕ್ಟರು ಹೇಳಿದರು.

ಭಾವ ಹದಿನಾಲ್ಕು ತಿಂಗಳು ಬದುಕಿದರು. ಅಕ್ಕ ಮುಂದಿನ ಹಂಗಾಮಿನಲ್ಲಿ ದೊಡ್ಡ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ ಕಬ್ಬು ಕಡಿದು ಮುಂಗಡ ತೀರಿಸಿದಳು. ಮಣ್ಣು ಮಾಡಿ ಹಿಂದಿರುಗುವಾಗ ನನ್ನ ಬೆನ್ನ ಹಿಂದೆಯೇ ಇಬ್ಬರು ಮಾತಾಡಿಕೊಳ್ಳುತ್ತಿದ್ದರು: "ಪಾಪ, ಕುಡಿತಾ ತಿಂತು." ಸತ್ತ ಮೇಲೂ ಆ ತೀರ್ಪು ಅವರನ್ನು ಬಿಡಲಿಲ್ಲ.

ಹುಟ್ಟುಕುರುಡನನ್ನು ಕಂಡು ಶಿಷ್ಯರು ನಮ್ಮ ಕರ್ತನನ್ನು ಕೇಳಿದ ಪ್ರಶ್ನೆ ನಿಮಗೆಲ್ಲರಿಗೂ ಗೊತ್ತು. ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ ಎಂದು ಅವರಿಗೆ ತಿಳಿಯಬೇಕಾಗಿತ್ತು. ಕರ್ತನು ಆ ಪ್ರಶ್ನೆಯನ್ನೇ ತಳ್ಳಿಹಾಕಿ, ಮಣ್ಣು ಕಲಸಿ, ಅವನ ಕಣ್ಣಿನ ಕೆಲಸಕ್ಕೆ ಕೈಹಾಕಿದನು. ಎರಡು ಸಾವಿರ ವರ್ಷವಾದರೂ ನಾವು ಶಿಷ್ಯರ ಪ್ರಶ್ನೆಯಲ್ಲೇ ನಿಂತಿದ್ದೇವೆ.

ಲಿವರಿಗೆ ಕೇಡು ಎಲ್ಲೆಲ್ಲಿಂದ?

ಕುಡಿತದಿಂದ ಲಿವರು ಕೆಡುತ್ತದೆ ಎಂಬುದು ನಿಜ. ಅದರ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಬೇರೆ ದಾರಿಗಳನ್ನು ಲೆಕ್ಕ ಹಾಕಿರಿ.

ಮೊದಲನೆಯದು ನೀರು. ಹೆಪಟೈಟಿಸ್ ಎ ಮತ್ತು ಇ ಎಂಬ ರೋಗಾಣುಗಳು ಮಲ ಬೆರೆತ ನೀರಿನಿಂದ ಬರುತ್ತವೆ. 1955-56ರ ಚಳಿಗಾಲದಲ್ಲಿ ದೆಹಲಿಯಲ್ಲಿ ಯಮುನಾ ನದಿಯಿಂದ ಕುಡಿಯುವ ನೀರೆತ್ತುವ ಜಾಗಕ್ಕೆ ಚರಂಡಿಯ ನೀರು ನುಗ್ಗಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅವರೆಲ್ಲರೂ ಕುಡುಕರಾಗಿದ್ದರೇ? 2012ರಲ್ಲಿ ಮಿರಜಿಗೆ ಸಮೀಪದ ಇಚಲಕರಂಜಿಯಲ್ಲಿ, ಪಂಚಗಂಗಾ ನದಿಯ ದಡದ ಆ ಮಗ್ಗದ ಕಾರ್ಮಿಕರ ಊರಿನಲ್ಲಿ, ಇದೇ ಹೆಪಟೈಟಿಸ್ ಇ ಹರಡಿ ಜನ ಸತ್ತರು. ಈ ಕಾಮಾಲೆ ಸಾಮಾನ್ಯರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಆದರೆ ಬಸುರಿ ಹೆಂಗಸಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ಮೃತ್ಯುವೇ. ಅಂಥವರಲ್ಲಿ ಐವರಿಗೊಬ್ಬರವರೆಗೆ ಸಾಯುವುದುಂಟು.

ಎರಡನೆಯದು ರಕ್ತ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ರೋಗಾಣುಗಳು ಕುದಿಸದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ, ಕ್ಷೌರದ ಬ್ಲೇಡಿನಿಂದ, ಹಚ್ಚೆಯ ಸೂಜಿಯಿಂದ ಬರುತ್ತವೆ. ಬಿ ರೋಗಾಣು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುವುದು ಹೆಚ್ಚು. ಒಂದೇ ಸೂಜಿಯಿಂದ ಸಾಲಾಗಿ ಹತ್ತು ಜನರಿಗೆ ಚುಚ್ಚಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಸೂಜಿಗೆ ಕೈಯೊಡ್ಡಿದ್ದು ಪಾಪವೇ?

ಮೂರನೆಯದು ಆಮಶಂಕೆ. ಅದೇ ಕ್ರಿಮಿ ಕರುಳಿನಿಂದ ಲಿವರಿಗೆ ಏರಿ ಅಲ್ಲಿ ಕೀವು ಕಟ್ಟುತ್ತದೆ. ಬಲಗಡೆ ಪಕ್ಕೆಯ ಕೆಳಗೆ ನೋವು, ಚಳಿ ಜ್ವರ. ಇದನ್ನು ಮಲೇರಿಯಾ ಎಂದುಕೊಂಡು ದಿನ ದೂಡುವವರಿದ್ದಾರೆ. ಸ್ಕ್ಯಾನಿನಲ್ಲಿ ಕಾಣುತ್ತದೆ, ಮಾತ್ರೆಯಿಂದ, ಬೇಕಾದರೆ ಸೂಜಿಯಿಂದ ಕೀವು ತೆಗೆದು, ಬಹುಪಾಲು ಪೂರ್ತಿ ಗುಣವಾಗುತ್ತದೆ. ಸುಮ್ಮನೆ ಬಿಟ್ಟರೆ ಒಳಗೆ ಒಡೆದು ಕೊಲ್ಲುತ್ತದೆ.

ಹೊಟ್ಟೆಯ ಹುಣ್ಣಿನ ಕಥೆಯೂ ಇಂಥದೇ. ಅಲ್ಸರಿಗೆ ಖಾರ, ಚಿಂತೆ, ಹೊತ್ತುಗೆಟ್ಟ ಊಟವೇ ಕಾರಣವೆಂದು ಡಾಕ್ಟರುಗಳೇ ಬಹುಕಾಲ ಹೇಳಿದರು. 1982ರಲ್ಲಿ ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್ ಎಂಬ ಇಬ್ಬರು ವೈದ್ಯರು ಹೊಟ್ಟೆಯಲ್ಲಿ ಬದುಕುವ ಒಂದು ಸಣ್ಣ ಜೀವಾಣುವೇ ಹೆಚ್ಚಿನ ಹುಣ್ಣುಗಳಿಗೆ ಮೂಲವೆಂದು ಕಂಡುಹಿಡಿದರು. ಯಾರೂ ನಂಬಲಿಲ್ಲ. ಮಾರ್ಷಲ್ ಆ ಜೀವಾಣುವನ್ನು ತಾನೇ ಕುಡಿದು ಕಾಯಿಲೆ ಬರಿಸಿಕೊಂಡು ತೋರಿಸಿದನು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಂದು ಎರಡು ವಾರಗಳ ಮಾತ್ರೆಯಿಂದ ವಾಸಿಯಾಗುವ ಹುಣ್ಣಿಗಾಗಿ ಹಿಂದೆ ಹೊಟ್ಟೆಯನ್ನೇ ಕೊಯ್ದು ತೆಗೆಯುತ್ತಿದ್ದರು. ಅಷ್ಟುಕಾಲ ರೋಗಿಗೆ ಸಿಕ್ಕಿದ್ದು ಬುದ್ಧಿಮಾತು: "ನೀನು ಬೇಜಾರು ಮಾಡಿಕೊಳ್ಳಬೇಡ, ಖಾರ ತಿನ್ನಬೇಡ." ಬಡವನ ಹೊಟ್ಟೆನೋವಿಗೆ ಬಡವನನ್ನೇ ದೂರುವುದು ಹಳೆಯ ಚಾಳಿ.

ಕಾಮಾಲೆ ಮದ್ದಿನವರಿಗೆ ಒಂದು ಮಾತು

ನಾಟಿ ಮದ್ದನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ. ನೀರಿನಿಂದ ಬಂದ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆಗ ಯಾವ ಸೊಪ್ಪು ಅರೆದು ಕೊಟ್ಟಿದ್ದರೂ ಆ ಸೊಪ್ಪಿಗೇ ಹೆಸರು ಬರುತ್ತದೆ. ಇದೇ ಅದರ ಗುಟ್ಟು. ಕಿರುನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಲಿಲ್ಲ. 1988ರಲ್ಲಿ ಮದರಾಸಿನ ವೈದ್ಯರು ಹೆಪಟೈಟಿಸ್ ಬಿ ಇರುವವರಿಗೆ ಅದನ್ನು ಕೊಟ್ಟು ನೋಡಿ ಒಳ್ಳೆಯ ಫಲ ಬಂತೆಂದು ಪ್ರಕಟಿಸಿದರು. ಆದರೆ ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅಂಥ ಫಲ ಕಾಣಲಿಲ್ಲ. ಮಣಿಕಟ್ಟಿಗೆ ಬರೆ ಹಾಕುವುದು, ಕಣ್ಣಿಗೆ ರಸ ಬಿಡುವುದು ಇವುಗಳಿಂದ ಲಿವರಿಗೆ ಏನೂ ಆಗುವುದಿಲ್ಲ, ಗಾಯ ಮತ್ತು ಕಣ್ಣುನೋವು ಮಾತ್ರ ಲಾಭ.

ಆದುದರಿಂದ ಮದ್ದು ಕೊಡುವ ಹಿರಿಯರೇ, ನಿಮ್ಮ ಮೇಲೆ ಜನರಿಗಿರುವ ನಂಬಿಕೆ ದೊಡ್ಡದು. ಆ ನಂಬಿಕೆಯಿಂದಲೇ ಹೇಳಿರಿ: "ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ." ಇದನ್ನು ಹೇಳದೆ ಮೂರು ವಾರ ಗಂಜಿ ಕುಡಿಸಿದವರು ನನ್ನ ಭಾವನ ಮೂರು ವಾರಗಳಿಗೆ ಉತ್ತರ ಕೊಡಬೇಕಾಗಿದೆ.

ಮಿರಜಿನ ಪಾಠ

ಮಿರಜಿನ ಹೆಸರು ಕೇಳದ ಕನ್ನಡ ಕ್ರೈಸ್ತ ಕುಟುಂಬ ಉತ್ತರ ಕರ್ನಾಟಕದಲ್ಲಿ ವಿರಳ. ಕೆನಡಾ ದೇಶದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಈ ದೇಶಕ್ಕೆ ಬಂದು, ಮೊದಲು ಸಾಂಗ್ಲಿಯಲ್ಲಿ ಔಷಧಾಲಯ ನಡೆಸಿ, 1894ರಲ್ಲಿ ಮಿರಜಿನಲ್ಲಿ ಮಿಶನ್ ಆಸ್ಪತ್ರೆ ತೆರೆದರು. ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರಗಳ ರೈಲುದಾರಿಗಳು ಕೂಡುವ ಜಾಗ ಅದು. ಬೆಳಗಾವಿ, ವಿಜಯಪುರ ಸೀಮೆಗಳ ಹಳ್ಳಿಗರು ರೋಗಿಯನ್ನು ರೈಲಿಗೆ ಹತ್ತಿಸಿ ಅಲ್ಲಿಗೆ ಕರೆತರುತ್ತಿದ್ದರು. ವಾನ್ಲೆಸರು ತಾವೊಬ್ಬರೇ ಶಸ್ತ್ರ ಹಿಡಿದು ಕುಳಿತುಕೊಳ್ಳಲಿಲ್ಲ. ಈ ದೇಶದ ಹುಡುಗರನ್ನೇ ಸೇರಿಸಿಕೊಂಡು ವೈದ್ಯ ವಿದ್ಯೆ ಕಲಿಸಿ ಊರೂರಿಗೆ ಕಳುಹಿಸಿದರು. 1933ರಲ್ಲಿ ಅವರು ತೀರಿಕೊಂಡರು. 1962ರಲ್ಲಿ ಮಿರಜಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಆಯಿತು. ಈ ದಿನ ಸಾಂಗ್ಲಿ ಮಿರಜ ಜೋಡಿ ಊರುಗಳಲ್ಲಿ ಆಸ್ಪತ್ರೆಗಳ ಸಾಲುಗಳೇ ಇವೆ.

ಇದರಿಂದ ನಾವು ಕಲಿತ ಪಾಠವೇನು? "ಕೊನೆಗೆ ಮಿರಜಿಗೆ ಒಯ್ಯೋಣ" ಎಂಬುದೇ? ಹಾಗಾದರೆ ನಾವು ತಪ್ಪು ಕಲಿತಿದ್ದೇವೆ. ಮಲೆನಾಡಿನ ತೋಟದಿಂದ ಮಿರಜಿಗೆ ಹೋಗಬೇಕಾದರೆ ಒಂದು ಹಗಲು ಒಂದು ರಾತ್ರಿ ಬೇಕು. ರಕ್ತ ಕಾರುವವನು ಅಷ್ಟು ತಡೆಯುವನೇ? ಲಿವರು ಗಂಟುಗಂಟಾಗಿ ಒಣಗಿದ ಮೇಲೆ ದೊಡ್ಡ ಆಸ್ಪತ್ರೆಯಿಂದಾಗುವುದು ನೀರು ತೆಗೆಯುವುದು, ರಕ್ತ ನಿಲ್ಲಿಸುವುದು, ದಿನಗಳನ್ನು ಒಂದಿಷ್ಟು ನೀಡುವುದು. ಬೇರೆ ಲಿವರು ಜೋಡಿಸುವ ವಿದ್ಯೆ ಬಂದಿದೆ, ಅದಕ್ಕೆ ಬೇಕಾದ ಲಕ್ಷಗಳು ನಮ್ಮ ಕೈಗೆಟುಕುವುದಿಲ್ಲ. ಕಲಿತ ಜನರನ್ನು ಊರೂರಿಗೆ ಕಳುಹಿಸಬೇಕು, ಚಿಕಿತ್ಸೆ ರೋಗಿಯ ಬಾಗಿಲಿಗೆ ಹತ್ತಿರವಾಗಬೇಕು ಎಂಬುದೇ ಮಿರಜಿನ ಪಾಠ. ಲಿವರಿನ ಆಸ್ಪತ್ರೆ ಆರಂಭವಾಗುವುದು ನಮ್ಮ ಲೈನಿನ ನಲ್ಲಿಯ ಬಳಿಯಲ್ಲಿ.

ಗಡಿಯ ವಿಷಯವೂ ಒಂದಿದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರವು ತನ್ನ ಮಹಾತ್ಮ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ ಗಡಿಯ 865 ಹಳ್ಳಿಗಳಿಗೆ ವಿಸ್ತರಿಸಿತು. ಕರ್ನಾಟಕ ಸರ್ಕಾರ ಅದನ್ನು ಪ್ರತಿಭಟಿಸಿತು. ಎರಡು ಸರ್ಕಾರಗಳು ಗಡಿಗಾಗಿ ಜಗಳವಾಡಲಿ, ರೋಗಿಯ ಮಂಚವನ್ನು ಗಡಿಕಲ್ಲು ಮಾಡಬಾರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ, ಬೇರೆ ರಾಜ್ಯದ ಒಪ್ಪಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕಾರ್ಡು ಮಾಡಿಸದೆ ಇರುವವರು ಕಾಯಿಲೆ ಬರುವ ಮುಂಚೆ ಮಾಡಿಸಿರಿ.

ಧಣಿಗಳನ್ನು ಕೇಳುತ್ತೇವೆ

ಕಬ್ಬು ಕಡಿಯುವವನಿಗಿಲ್ಲದ ಒಂದು ಬಲ ತೋಟದ ಕೂಲಿಗಾರನಿಗೆ ಬಹುಕಾಲದಿಂದ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆಯು ಕುಡಿಯುವ ನೀರು, ಕಕ್ಕಸು, ಮನೆ, ವೈದ್ಯಕೀಯ ಸೌಲಭ್ಯಗಳನ್ನು ತೋಟದ ಮಾಲೀಕನ ಕರ್ತವ್ಯವೆಂದು ಬರೆಯಿತು. 1981ರ ತಿದ್ದುಪಡಿಯಿಂದ 5 ಹೆಕ್ಟೇರು ಮತ್ತು 15 ಆಳುಗಳಿರುವ ತೋಟಗಳಿಗೂ ಅದು ಅನ್ವಯಿಸಿತು. ಮಾಲೀಕನು ವೈದ್ಯ ಸೌಲಭ್ಯ ಒದಗಿಸದಿದ್ದರೆ ಮುಖ್ಯ ಇನ್ಸ್‌ಪೆಕ್ಟರು ತಾನೇ ಒದಗಿಸಿ ಖರ್ಚನ್ನು ಮಾಲೀಕನಿಂದ ವಸೂಲು ಮಾಡಬಹುದೆಂದೂ ಬರೆದಿತ್ತು. ಈ ಕಾಯ್ದೆ ಈಗ 2020ರ ಸಂಹಿತೆಯೊಳಗೆ ಸೇರಿದೆ. ಹೊಸ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹೆಸರು ಬದಲಾಯಿತು, ಕರ್ತವ್ಯ ಬದಲಾಗಿಲ್ಲ. ಮನೆ, ನೀರು, ಕಕ್ಕಸು, ಕುಟುಂಬಕ್ಕೆ ಆರೋಗ್ಯ ಸೌಲಭ್ಯ ಅಲ್ಲಿಯೂ ಮಾಲೀಕನ ಮೇಲೆಯೇ ಇದೆ. ತೋಟದವರನ್ನು ಇ.ಎಸ್.ಐ. ಆಸ್ಪತ್ರೆ ಯೋಜನೆಗೆ ಸೇರಿಸಲೂ ಈಗ ದಾರಿಯುಂಟು.

ಹಾಗಾದರೆ ಎಷ್ಟು ಲೈನುಗಳಲ್ಲಿ ಮುಚ್ಚಿದ ಬಾವಿಯಿದೆ? ಕಕ್ಕಸಿನ ಗುಂಡಿಗೂ ಬಾವಿಗೂ ಎಷ್ಟು ಅಂತರವಿದೆ? ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಾದಾಗ ಕುಡಿಯುವುದೇನು? ತೋಟದ ದವಾಖಾನೆಯಲ್ಲಿ ತಲೆನೋವಿನ ಮಾತ್ರೆಯಲ್ಲದೆ ಬೇರೇನಿದೆ? ಹೆಸರಿಗೆ ತೋಟವನ್ನು ತುಂಡು ಮಾಡಿ ಕಾಯ್ದೆಯಿಂದ ಜಾರಿಕೊಳ್ಳುವವರು, "ಇವರು ಕುಡಿಯುತ್ತಾರೆ" ಎಂದು ಸಾರುವವರಲ್ಲಿ ಮೊದಲಿಗರು.

ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ ಸುರಿದಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತಾನೇ ತೆರುತ್ತೇನೆಂದನು. ಅವನು ದಾರಿಹೋಕ, ಯಾವ ಕಾಯ್ದೆಯೂ ಅವನನ್ನು ಕಟ್ಟಿರಲಿಲ್ಲ. ನಮ್ಮ ಬೆವರಿನಿಂದ ಕಾಫಿ ಬೆಳೆದವರನ್ನು ಕಾಯ್ದೆಯೇ ಕಟ್ಟಿದೆ. ನಾವು ಧರ್ಮ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದೇವೆ.

ಕುಡಿತದ ಮಾತು

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ. ಕುಡಿತ ನಮ್ಮ ಮನೆಗಳನ್ನು ತಿಂದಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಪೌಲನು ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಕೊಂಚ ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದನೆಂದು ಸಂತೆಯ ದಿನ ವಾದಿಸುವ ಪಂಡಿತರು ನಮ್ಮಲ್ಲಿದ್ದಾರೆ. ತಿಮೊಥೆಯನು ಶನಿವಾರದ ಬಟವಾಡೆಯನ್ನು ಅಂಗಡಿಗೆ ಒಪ್ಪಿಸಿ ಮನೆಗೆ ಬರಲಿಲ್ಲ ಎಂಬುದನ್ನು ಅವರು ನೆನೆಯಲಿ.

ಆದರೆ ಸಾರಾಯಿಯನ್ನು ನಮ್ಮ ಲೈನಿಗೆ ತಂದವರು ಯಾರು? ಹರಾಜು ಹಾಕಿ, ತೆರಿಗೆ ಎಣಿಸಿಕೊಂಡವರು ಯಾರು? ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಂಗಡಿಯ ಬಾಟಲಿಗೆ ಇಂದಿಗೂ ತಡೆಯಿಲ್ಲ. ಒಬ್ಬನನ್ನು ವರ್ಷಾನುಗಟ್ಟಲೆ ಕುಡಿಸಿ, ಬಿದ್ದ ದಿನ "ಕುಡುಕ" ಎಂದು ಬಾಗಿಲು ಹಾಕುವುದು ಯಾವ ನ್ಯಾಯ? ಕುಡಿದವನ ಲಿವರಿಗೂ ಔಷಧಿಯ ಹಕ್ಕಿದೆ. ಬೇಗ ಕುಡಿತ ಬಿಟ್ಟರೆ ಊದಿದ ಲಿವರು ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ಬಹಳ ದಿನದಿಂದ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸು, ಭ್ರಮೆ ಬರಬಹುದು. ಆದ್ದರಿಂದ ಡಾಕ್ಟರ ಕಣ್ಣೆದುರಿನಲ್ಲಿ ಬಿಡಿಸಬೇಕು. ಬೈದು ಬಿಡಿಸಿದ ಕುಡಿತ ಒಂದು ವಾರ, ಜೊತೆ ನಿಂತು ಬಿಡಿಸಿದ ಕುಡಿತ ಒಂದು ಆಯುಷ್ಯ.

ನಾವು ಮಾಡಬೇಕಾದ್ದು

ಬಸುರಿಯಾದ ಪ್ರತಿಯೊಬ್ಬ ತಾಯಿಗೂ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಆಗಬೇಕು. ಹೆರಿಗೆ ಆಸ್ಪತ್ರೆಯಲ್ಲಾಗಬೇಕು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಚುಚ್ಚುಮದ್ದು ಬೀಳಬೇಕು. ಅದು ಸರ್ಕಾರದಿಂದ ಪುಕ್ಕಟೆ.

ಮನೆಯಲ್ಲಿ ಒಬ್ಬರಿಗೆ ಬಿ ಇದೆಯೆಂದು ತಿಳಿದರೆ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿರಿ. ನನ್ನ ಅಕ್ಕನಿಗೂ ಇಬ್ಬರು ಮಕ್ಕಳಿಗೂ ಮಾಡಿಸಿದೆವು. ದೇವರ ದಯದಿಂದ ಮೂವರಿಗೂ ಇರಲಿಲ್ಲ, ಚುಚ್ಚುಮದ್ದು ಹಾಕಿಸಿದೆವು. ರೋಗಾಣು ಇದ್ದವರ ತಟ್ಟೆ ಲೋಟ ಬೇರೆ ಮಾಡಬೇಡಿರಿ, ಜೊತೆಗೆ ಉಂಡರೆ ಅದು ಅಂಟುವುದಿಲ್ಲ. ಕರ್ತನ ಪಾತ್ರೆಯಿಂದಲೂ ಅವರನ್ನು ದೂರವಿಡಬೇಡಿರಿ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ ಮತ್ತು ಮಾತ್ರೆ ಪುಕ್ಕಟೆ. ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಕೇಳಿರಿ. ಸಿ ರೋಗಾಣು ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ, ಪೂರ್ತಿ ಹೋಗುತ್ತದೆ. ಬಿ ರೋಗಾಣು ಹೋಗುವುದಿಲ್ಲವಾದರೂ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ಆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಕಾಮಾಲೆಯಿದ್ದವನಿಗೆ ಮಂಪರು, ತಡವರಿಸುವ ಮಾತು, ನಿಲ್ಲದ ವಾಂತಿ, ರಕ್ತವಾಂತಿ ಅಥವಾ ಟಾರಿನಂಥ ಕಪ್ಪು ಮಲ, ಹೊಟ್ಟೆಯೂತ ಕಂಡರೆ ಅದೇ ಗಂಟೆಗೆ ಆಸ್ಪತ್ರೆಗೆ ಹೊರಡಿರಿ. ಬಸುರಿಗೆ ಕಾಮಾಲೆಯಾದರೆ ಒಂದು ದಿನವೂ ಕಾಯಬೇಡಿರಿ. ಜೀಪಿಗಾಗಿ ರೈಟರ ಅಪ್ಪಣೆ ಕಾಯುತ್ತಾ ಕೂರಬೇಡಿರಿ, 108ಕ್ಕೆ ಫೋನು ಮಾಡಿರಿ.

ಪ್ರತಿ ಲೈನಿನವರು ಸೇರಿ ನೀರು ಮತ್ತು ಕಕ್ಕಸಿನ ಸ್ಥಿತಿಯನ್ನು ಒಂದು ಕಾಗದದಲ್ಲಿ ಬರೆದು, ಸಹಿ ಹೆಬ್ಬೆಟ್ಟು ಹಾಕಿ, ಧಣಿಗೆ ಒಂದು, ಕಾರ್ಮಿಕ ಇಲಾಖೆಗೆ ಒಂದು ಪ್ರತಿ ಕೊಡಿರಿ. ಸ್ವೀಕರಿಸಿದ್ದಕ್ಕೆ ರುಜು ಪಡೆಯಿರಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿರುವುದಿಲ್ಲ.

ಕೊನೆಯದಾಗಿ, ಸಭೆಯ ಹಿರಿಯರಿಗೆ. ಹಳದಿ ಕಣ್ಣಿನವನೊಬ್ಬನು ನಿಮ್ಮ ಬಾಗಿಲಿಗೆ ಬಂದಾಗ ಅವನು ಕುಡಿಯುತ್ತಾನೋ ಎಂದು ವಿಚಾರಿಸುವ ಮುಂಚೆ ಅವನ ಕೈಹಿಡಿದು ಬಸ್ಸು ಹತ್ತಿಸಿರಿ. ನನ್ನ ಭಾವನಿಗೆ ಹಾಗೆ ಕೈಹಿಡಿದವರು ಸಿಕ್ಕಿದ್ದು ಟ್ರ್ಯಾಕ್ಟರಿನ ಡ್ರೈವರೊಬ್ಬನೇ. ಅವನು ನಮ್ಮ ಸಭೆಯವನಲ್ಲ. ಆ ರಾತ್ರಿಯ ಡೀಸೆಲಿನ ಹಣವನ್ನೂ ಅವನು ತೆಗೆದುಕೊಳ್ಳಲಿಲ್ಲ.